ಅಪ್ಪನ ಕಾಲಿಗೆ ಚುಚ್ಚಿದ ಮೊಳೆ

ಲಂಡನ್, ಒಂಟಾರಿಯೊ
ಏಪ್ರಿಲ್ 12

ಅಮ್ಮನಿಗೆ ಶಾಂತ ಮಾಡುವ ನಮಸ್ಕಾರಗಳು. ನಾನೂ ಇವರೂ ಕ್ಷೇಮ.

ನಿನ್ನ ಕಾಗದದ ಫೋಟೋ ಮಂಜ ಕಳಿಸಿದ, ಓದಿದೆ. ಎರಡು ಪುಟ ಪೂರ್ತಿ ಮನೆ ವಿಷಯ. ಲಿಂಟಲ್ ಆಯ್ತು, ತಾರಸಿಗೆ ಸೆಂಟ್ರಿಂಗ್ ಹಲಗೆ ಹೊಡೀತಾ ಇದ್ದಾರೆ, ದೇವರಮನೆ ಕಿಟಕಿ ಸಣ್ಣದಾಯ್ತು. ಕೊನೇಲಿ, ಜಾಗ ಸಾಲದೆ ತುರುಕಿದ ಹಾಗೆ ಒಂದು ಸಾಲು: ಅಪ್ಪನ ಅಂಗಾಲಿಗೆ ಹಲಗೆ ಮೊಳೆ ಚುಚ್ಚಿತ್ತು, ಅರಿಶಿನ ಕಟ್ಟಿದೀನಿ, ನೋವೇ ಇಲ್ಲ ಅಂತಾರೆ, ನೀನೇನೂ ಯೋಚ್ನೆ ಮಾಡಬೇಡ ಅಂತ.

ಅಮ್ಮ, ನೋವಿಲ್ಲ ಅಂದಿದ್ದಕ್ಕೇ ನನಗೆ ಭಯ ಆಗಿರೋದು. ಇಷ್ಟು ವರ್ಷದ ಸಕ್ಕರೆ ಕಾಯಿಲೆ ಅಪ್ಪನದು. ಸಕ್ಕರೆ ಹೆಚ್ಚಾಗಿ ಹೆಚ್ಚಾಗಿ ಕಾಲಿನ ನರ ಸಾಯುತ್ತೆ, ಜೋಮು ಹಿಡಿದ ಹಾಗಿರುತ್ತೆ. ಮೊಳೆ ಹೊಕ್ಕರೂ ಗೊತ್ತಾಗಲ್ಲ, ಬೆಂಕಿ ತಾಕಿದರೂ ಗೊತ್ತಾಗಲ್ಲ. ಮೇಲಿಂದ ಗಾಯ ಮುಚ್ಚಿಕೊಂಡ ಹಾಗೆ ಕಾಣುತ್ತೆ, ಒಳಗೆ ಕೀವಾಗಿ ಮೂಳೆವರೆಗೂ ಇಳಿದಿರುತ್ತೆ. ನನ್ನ ವಾರ್ಡಿನಲ್ಲಿ ಇಂಥವರು ಬರ್ತಾನೇ ಇರ್ತಾರೆ. ಬೆರಳು ಕಳಕೊಂಡವರು, ಪಾದವನ್ನೇ ಕಳಕೊಂಡವರು. ಕೇಳಿದರೆ ಎಲ್ಲರೂ ಹೇಳೋದು ಒಂದೇ: ಸಣ್ಣ ಗಾಯ ಆಗಿತ್ತು, ನೋವಿರಲಿಲ್ಲ. ಈ ದೇಶದಲ್ಲಿ ಇಷ್ಟೆಲ್ಲಾ ಅನುಕೂಲ ಇದ್ದೇ ಹೀಗಾಗುತ್ತೆ.

ಫೋನಿನಲ್ಲಿ ಹೇಳಿದರೆ ಅಪ್ಪ ಮಾತು ತಿರುಗಿಸಿ ಅಲ್ಲಿ ಚಳಿ ಹೇಗಿದೆ ಅಂತಾರೆ. ಅದಕ್ಕೇ ಬರೀತಾ ಇದ್ದೀನಿ. ಮಂಜ ಇದನ್ನ ಅಪ್ಪನ ಮುಂದೆ ಗಟ್ಟಿಯಾಗಿ ಓದಲಿ.

ಓದಿ ಮುಗಿದ ತಕ್ಷಣ ಶಿಡ್ಲಘಟ್ಟದ ಆಸ್ಪತ್ರೆಗೆ ಹೋಗಿ. ನಾಳೆ ಸೋಮವಾರ, ಸಂತೆ, ರೇಷ್ಮೆ ಗೂಡಿನ ಮಾರ್ಕೆಟ್ಟು ಅಂತ ನೆಪ ಬೇಡ. ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಲೇಬೇಕು. ಅರಿಶಿನ ತೊಳೆಸಿ ಡಾಕ್ಟರು ಗಾಯ ಬಿಡಿಸಿ ನೋಡಲಿ, ಒಳಗೆ ತುಕ್ಕಿನ ಚೂರು ಉಳಿದಿದ್ದರೆ ಎಕ್ಸ್‌ರೇಲಿ ಕಾಣಬಹುದು. ಸಕ್ಕರೆ ಖಾಲಿ ಹೊಟ್ಟೇಲೂ ನೋಡಿಸಿ, ಊಟ ಆದಮೇಲೂ ನೋಡಿಸಿ. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಅಂತ ಒಂದು ರಕ್ತಪರೀಕ್ಷೆ ಇದೆ, ಅದನ್ನೂ ಮಾಡಿಸಿ. ತಗೊಳ್ಳೋ ಮಾತ್ರೆಯ ಶೀಟುಗಳನ್ನೆಲ್ಲ ಚೀಲದಲ್ಲಿ ಹಾಕ್ಕೊಂಡು ಹೋಗಿ. ಅಲ್ಲಿ ಆಗಲ್ಲ ಅಂದರೆ ಅಲ್ಲಿಂದಲೇ ನೇರ ಚಿಕ್ಕಬಳ್ಳಾಪುರಕ್ಕೆ ಕರಕೊಂಡು ಹೋಗಿ, ಮನೆಗೆ ವಾಪಸ್ ಬರಬೇಡಿ. ಬಿಸಿನೀರಿನ ಶಾಖ ಮಾತ್ರ ಕೊಡಲೇಬೇಡ ಅಮ್ಮ, ಚರ್ಮ ಬೆಂದರೂ ಅವರಿಗೆ ತಿಳಿಯಲ್ಲ. ಪಾದ ಊದಿದರೆ, ಕೆಂಪಾದರೆ, ವಾಸನೆ ಬಂದರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಬರಿಗಾಲಲ್ಲಿ ಯಾಕೆ ಓಡಾಡ್ತಾರೆ ಅಂತ ನನಗೆ ಗೊತ್ತು. ಗುದ್ದಲಿ ಪೂಜೆ ಆದ ಜಾಗ, ಹೊಸ್ತಿಲು ಪೂಜೆ ಆದ ಬಾಗಿಲು, ಚಪ್ಪಲಿ ಮೆಟ್ಟಿ ಹೇಗೆ ಒಳಗೆ ಹೋಗೋದು ಅಂತ. ಅಪ್ಪ, ಗೃಹಪ್ರವೇಶ ಆಗೋವರೆಗೂ ಅದು ಕೆಲಸದ ಜಾಗ. ಹಸಿ ಸಿಮೆಂಟು ಸುಣ್ಣದಷ್ಟೇ ಸುಡುತ್ತೆ, ಗಾರೆಯವರೇ ಗಮ್‌ಬೂಟು ಹಾಕ್ತಾರೆ. ಗೃಹಪ್ರವೇಶದ ದಿನ ನೀವು ಎರಡು ಕಾಲಿನ ಮೇಲೆ ನಿಂತು ಆ ಹೊಸ್ತಿಲು ದಾಟೋದು ನಾನು ನೋಡಬೇಕು. ನನಗೆ ಬೇರೇನೂ ಬೇಡ.

ಮಂಜ ಇನ್ನೊಂದು ವಿಷಯ ಹೇಳಿದ. ಒಬ್ಬ ಆಳಿನ ಕೂಲಿ ಉಳೀತದೆ ಅಂತ ನೀವೇ ಹಲಗೆ ಎತ್ತಿ ಕೊಡ್ತಿದ್ದಿರಂತೆ. ಮದುವೆ ಮಾಡಿಕೊಟ್ಟ ಮಗಳ ದುಡ್ಡು, ಒಂದು ರೂಪಾಯಿನೂ ದಂಡ ಆಗಬಾರದು ಅಂದಿರಂತೆ. ನನ್ನ ನರ್ಸಿಂಗ್ ಫೀಸು ಎಷ್ಟು ಬೆಳೆ ಗೂಡಿನ ದುಡ್ಡಿಂದ ಕಟ್ಟಿದ್ದು ಅಂತ ಲೆಕ್ಕ ಇಟ್ಟಿದ್ದೀರಾ? ನಾನೂ ಇಡಲ್ಲ. ಆಳನ್ನ ಇಟ್ಕೊಳ್ಳಿ, ಬೇಕಾದರೆ ಇಬ್ಬರನ್ನ ಇಟ್ಕೊಳ್ಳಿ.

ಇನ್ನು ಮೋಲ್ಡು, ತಾರಸಿಗೆ ಕಾಂಕ್ರೀಟು ಹಾಕೋದು. ಮುಂದಿನ ವಾರ ಅಂತ ಬರೆದಿದ್ದೀಯ. ರೇಷ್ಮೆ ಹುಳು ಆಗ ದೊಡ್ಡ ಜ್ವರ ಎದ್ದು, ಅಂದರೆ ಕೊನೇ ಸಲ ಪೊರೆ ಬಿಟ್ಟು, ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಬಿಡೋ ಹೊತ್ತು. ಸೊಪ್ಪು ಕೊಯ್ಯೋರು ಯಾರು, ಮೋಲ್ಡಿಗೆ ನಿಲ್ಲೋರು ಯಾರು? ನೀನೊಬ್ಬಳೇ ಹುಳು ಮನೆ ನೋಡ್ಕೊಳ್ಳೋಕೆ ಆಗಲ್ಲ, ಮತ್ತೆ ಅಪ್ಪನೇ ಎರಡೂ ಕಡೆ ಓಡ್ತಾರೆ. ಹುಳುನ ಗೂಡು ಕಟ್ಟೋ ಚಂದ್ರಿಕೆಗೆ ಹಾಕಿ, ಗೂಡು ಬಿಡಿಸಿ, ಮಾರಿದ ಮೇಲೆ ಮೋಲ್ಡು ಇಟ್ಕೊಳ್ಳಿ. ಸೆಂಟ್ರಿಂಗ್ ಬಾಡಿಗೆ ಜಾಸ್ತಿ ಆಗುತ್ತೆ ಅಂತ ಮೇಸ್ತ್ರಿ ಅಂದರೆ ಆಗಲಿ, ನಾನು ಕೊಡ್ತೀನಿ. ಆಷಾಢಕ್ಕೆ ಇನ್ನೂ ಟೈಮಿದೆ. ನೆಲ ಹಾಕೋ ಮುಂಚೆ ಗೆದ್ದಲಿನ ಔಷಧಿ ಹೊಡೆಸಬೇಕು ಅಂದ್ರಲ್ಲ, ಅದನ್ನೂ ಹುಳು ಮನೆ ಖಾಲಿ ಇದ್ದಾಗಲೇ ಹೊಡೆಸಿ. ಅದರ ಗಾಳಿ ತಾಕಿದರೆ ಹುಳು ಉಳಿಯಲ್ಲ.

ಮಂಜ, ಇದು ನಿನಗೆ. ಅಪ್ಪ ಸೈಟಿಗೆ ಹೋಗೋದು ಯಾರೂ ನೋಡ್ಕೊಳ್ಳಲ್ಲ ಅನ್ನೋ ಭಯಕ್ಕೆ. ನೀನು ಸರಿಯಾಗಿ ನೋಡ್ಕೊಂಡರೆ ಅವರು ಹೋಗಲ್ಲ. ಕಂಬಿ ಇಳಿಸೋವಾಗ ತೂಕ ಹಾಕಿಸು: 12 ಎಂಎಂ ಕಂಬಿ ಮೀಟರಿಗೆ 888 ಗ್ರಾಂ, 8 ಎಂಎಂ 395 ಗ್ರಾಂ ಬರಬೇಕು. ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಪರವಾಗಿಲ್ಲ, ತುಂಬಾ ಕಮ್ಮಿ ಬಂದರೆ ಇಳಿಸಬೇಡ. ಕಂಬಿ ಹಲಗೆಗೆ ಅಂಟಿಕೊಂಡಿರಬಾರದು, ಕೆಳಗೆ 20 ಎಂಎಂ ಕವರ್ ಬಿಲ್ಲೆ ಇಡಿಸು. ಫ್ಯಾನ್ ಬಾಕ್ಸು, ವೈರಿಂಗ್ ಪೈಪು ಎಲ್ಲಾ ಕೂತ ಮೇಲೇ ಕಾಂಕ್ರೀಟು. ಕಲಸೋವಾಗ ಸಲೀಸಾಗಲಿ ಅಂತ ನೀರು ಸುರೀತಾರೆ, ಅಲ್ಲಿ ನಿಂತು ಬೇಡ ಅನ್ನು. ನೀರು ಹೆಚ್ಚಾದಷ್ಟೂ ಕಾಂಕ್ರೀಟಿಗೆ ಬಲ ಕಮ್ಮಿ.

ಮೋಲ್ಡಾದ ಮಾರನೇ ದಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿಸಿ ನೀರು ನಿಲ್ಲಿಸು. ನಮ್ಮ ಕಡೆ ಬಿಸಿಲಿಗೆ 10 ದಿನ ಅಂತೂ ಬೇಕೇ ಬೇಕು, 14 ದಿನ ನಿಲ್ಲಿಸಿದರೆ ಒಳ್ಳೇದು. ಟ್ಯಾಂಕರಿನವನಿಗೆ ಮೊದಲೇ ಹೇಳಿ ಸಂಪು ತುಂಬಿಸಿಕೊಂಡಿರು. ಅಪ್ಪ ಬೆಳಗಿನ ಜಾವ ಬಿಂದಿಗೆ ಹಿಡಿದು ಏಣಿ ಹತ್ತಿದರು ಅಂತ ನನ್ನ ಕಿವಿಗೆ ಬೀಳಬಾರದು. ಹಾಲ್ 16 ಅಡಿ ಅಗಲ ಇದೆ, 14 ದಿನ ಆಗದೆ ಅದರ ಕೆಳಗಿನ ನೀಲಗಿರಿ ಕಂಬ ಬಿಚ್ಚೋಕೆ ಬಿಡಬೇಡ. ಬಿಚ್ಚಿದ ಹಲಗೆಯ ಮೊಳೆ ಅವತ್ತೇ ಕೀಳಿಸಿ ಡಬ್ಬದಲ್ಲಿ ಹಾಕಿಸು. ಮೇಸ್ತ್ರಿಗೆ ದುಡ್ಡು ಆದ ಕೆಲಸಕ್ಕೆ ತಕ್ಕಷ್ಟೇ, ಮುಂದಿನದಕ್ಕೆ ಮುಂಗಡ ಕೊಡಬೇಡ. ಕೊಟ್ಟಿದ್ದನ್ನ ಪುಸ್ತಕದಲ್ಲಿ ಬರೆದು ಸಹಿ ಹಾಕಿಸ್ಕೋ.

ಇಲ್ಲಿ ನಮ್ಮ ಬೀದೀಲೂ ಒಂದು ಮನೆ ಏಳ್ತಾ ಇದೆ, ಡ್ಯೂಟಿಗೆ ಹೋಗ್ತಾ ಬರ್ತಾ ನೋಡ್ತೀನಿ. ಗೋಡೆ ಪೂರ್ತಿ ಮರದ ಪಟ್ಟಿ, ಒಳಗೆ ಜಿಪ್ಸಂ ಹಲಗೆ. ಮಾಲೂರಿನ ಇಟ್ಟಿಗೆ, ನಮ್ಮ ಸೈಜುಗಲ್ಲು ನೋಡಿದ ಕಣ್ಣಿಗೆ ಅದು ಮನೆ ಅಂತಲೇ ಅನ್ನಿಸಲ್ಲ. ಆದರೆ ಪಾಯ ಮಾತ್ರ ನಾಲ್ಕು ಅಡಿಗಿಂತ ಕೆಳಗೆ ಹೋಗುತ್ತೆ, ಚಳಿಗಾಲದಲ್ಲಿ ಅಷ್ಟು ಆಳದವರೆಗೂ ಮಣ್ಣು ಹೆಪ್ಪುಗಟ್ಟಿ ಉಬ್ಬುತ್ತಂತೆ. ನಾವು ಕಾಂಕ್ರೀಟಿಗೆ ನೀರು ಕುಡಿಸ್ತೀವಿ, ಇವರು ಚಳಿಯಲ್ಲಿ ಅದಕ್ಕೆ ಕಂಬಳಿ ಹೊದಿಸ್ತಾರೆ! ಪಾಯ ಆದಾಗ, ಚೌಕಟ್ಟು ನಿಂತಾಗ, ಹೀಗೆ ಹಂತಹಂತಕ್ಕೂ ನಗರಸಭೆಯ ಇನ್‌ಸ್ಪೆಕ್ಟರ್ ಬಂದು ನೋಡಿ ಸರಿ ಅಂದಮೇಲೇ ಮುಂದಿನ ಕೆಲಸ. ನಮಗೆ ಆ ಇನ್‌ಸ್ಪೆಕ್ಟರ್ ಮಂಜನೇ. ಕಾಂಕ್ರೀಟು ಸುರಿಯೋ ಮುಂಚೆ ಮೂಲೆಮೂಲೆ ಫೋಟೋ ತೆಗೆದು ಕಳಿಸು, ಇಲ್ಲಿ ಇವರ ಗೆಳೆಯರೊಬ್ಬರು ಇಂಜಿನಿಯರ್ ಇದ್ದಾರೆ, ತೋರಿಸ್ತೀನಿ.

ಹಾ, ಚಿಕ್ಕಪ್ಪನಿಗೆ ಹೇಳು, ಇದು ಇಂಗ್ಲೆಂಡಿನ ಲಂಡನ್ ಅಲ್ಲ, ಕೆನಡಾದ್ದು. ಇಲ್ಲೂ ಥೇಮ್ಸ್ ಅಂತ ನದಿ ಇದೆ, ಆಕ್ಸ್‌ಫರ್ಡ್ ಸ್ಟ್ರೀಟೂ ಇದೆ. ರಾಜನ ಅರಮನೆ ಮಾತ್ರ ಇಲ್ಲ.

ಅಪ್ಪ ಅಮ್ಮನ ರೂಮು ಕೆಳಗೇ ಇರಲಿ. ಬಚ್ಚಲಿಗೆ ಮೆಟ್ಟಿಲು ಬೇಡ, ಜಾರದ ಟೈಲ್ಸು ಹಾಕಿಸಿ, ಗೋಡೆಗೆ ಹಿಡಿಕೆ ಇರಲಿ. ಪಾಲಿಶ್ ಗ್ರಾನೈಟು ಹಾಲ್‌ಗೆ ಮಾತ್ರ ಸಾಕು. ದೇವರಮನೆ ಕಿಟಕಿ ನಿನ್ನಿಷ್ಟದ ಹಾಗೆ ದೊಡ್ಡದು ಮಾಡಿಸಮ್ಮ, ಆಗುತ್ತಾ ಅಂತ ಗಿಲಾವು ಆಗೋಕೆ ಮುಂಚೆಯೇ ಮೇಸ್ತ್ರಿನ ಕೇಳು.

ನನ್ನ ಬಗ್ಗೆ ಏನೂ ಚಿಂತೆ ಮಾಡಬೇಡ. ಚೆನ್ನಾಗಿ ತಿಂತೀನಿ, ಚೆನ್ನಾಗಿ ನಿದ್ದೆ ಮಾಡ್ತೀನಿ, ರಾಗಿಹಿಟ್ಟು ಇಲ್ಲೇ ಸಿಗುತ್ತೆ, ದಪ್ಪ ಕೋಟು ಇದೆ, ಡ್ಯೂಟಿ ಕಷ್ಟವೇ ಇಲ್ಲ. ನಿಜವಾಗ್ಲೂ ಆರಾಮಾಗಿದ್ದೀನಿ. ದುಡ್ಡು ಶುಕ್ರವಾರ ಮಂಜನ ಖಾತೆಗೆ ಬೀಳುತ್ತೆ. ಅದರಲ್ಲಿ ಮೊದಲ ಖರ್ಚು ಅಪ್ಪನ ಕಾಲಿಗೆ, ಆಮೇಲೆ ಸಿಮೆಂಟು. ಅಪ್ಪನಿಗೆ ಮುಂದೆ ಮುಚ್ಚಿರೋ ಮೆತ್ತನೆ ಬೂಟು ತಗೊಳ್ಳಿ, ಒಂದು ಸೈಜು ಬಿಗಿಯಾಗಿರೋದು ಬೇಡ. ಹಾಕೋ ಮುಂಚೆ ಒಳಗೆ ಕಲ್ಲುಗಿಲ್ಲು ಇದೆಯಾ ಅಂತ ಕೈಹಾಕಿ ನೋಡಿ. ದಿನಾ ರಾತ್ರಿ ನೀನೇ ಅವರ ಎರಡೂ ಅಂಗಾಲು ದೀಪದ ಬೆಳಕಲ್ಲಿ ನೋಡಮ್ಮ.

ಬಸ್ಸಿಗೆ ಹೊತ್ತಾಯ್ತು, ಇವತ್ತು ನೈಟ್ ಡ್ಯೂಟಿ. ಅಜ್ಜಿಗೆ ನಮಸ್ಕಾರ ಹೇಳು. ಆಸ್ಪತ್ರೆ ಚೀಟಿಯ ಫೋಟೋ ನಾಳೆ ಸಂಜೆಯೊಳಗೆ ಬರಬೇಕು ಮಂಜ, ಕಾಯ್ತಿರ್ತೀನಿ.

ಇಂತಿ,
ಶಾಂತ