ಮೂರು ಗರಿಯ ಲೆಕ್ಕ

ಅಪ್ಪಾ, ನಮಸ್ಕಾರ.

ಫೋಟೊದಲ್ಲಿ ಹಸುಗಳು ಮೇಯುತ್ತಿದ್ದ ಹುಲ್ಲು ಯಾವುದು, ಬೀಜ ತರಬಹುದಾ ಅಂತ ಕೇಳಿದ್ದಿರಿ. ಅದು ಬಹುವಾರ್ಷಿಕ ರೈಗ್ರಾಸ್. ಇಲ್ಲಿ ನ್ಯೂಜಿಲೆಂಡಿನ ವೈಕಾಟೊದಲ್ಲಿ ಹಸುಗಳಿಗೆ ಮುಖ್ಯ ಮೇವು ಇದೇ, ಜೊತೆಗೆ ಬಿಳಿ ಕ್ಲೋವರ್ ಅನ್ನೋ ದ್ವಿದಳ ಮೇವಿನ ಗಿಡ.

ಬಂದ ಹೊಸದರಲ್ಲಿ ನನಗೆ ಎಲ್ಲಾ ಹುಲ್ಲೂ ಒಂದೇ ಥರ ಕಾಣುತ್ತಿತ್ತು. ಎರಡು ಸಲ ಕಾಕ್ಸ್‌ಫುಟ್ ಅನ್ನೋ ಬೇರೆ ಹುಲ್ಲು ತೋರಿಸಿ ಇದೇ ರೈಗ್ರಾಸ್ ಅಂದಿದ್ದೆ. ಫಾರ್ಮಿನ ಯಜಮಾನರು ನಕ್ಕು, ಒಂದು ತೆಂಡೆ, ಅಂದರೆ ಬುಡದಿಂದ ಒಡೆದ ಕವಲು, ಕಿತ್ತು ಕೈಗಿಟ್ಟು, ಮೇಲೆ ನೋಡಬೇಡ, ಬುಡ ನೋಡು ಅಂದರು. ರೈಗ್ರಾಸ್ ಬುಡ ಕೆಂಪು, ಕೆಲವು ಸಲ ನೇರಳೆ. ಗರಿಯ ಹಿಂಭಾಗ ಎಣ್ಣೆ ಸವರಿದ ಹಾಗೆ ಮಿರುಗುತ್ತದೆ. ಸುಳಿಯಲ್ಲಿ ಎಳೆ ಗರಿ ಎರಡಾಗಿ ಮಡಚಿಕೊಂಡಿರುತ್ತದೆ. ಅದೇ ಇಟಾಲಿಯನ್ ರೈಗ್ರಾಸ್ ಆದರೆ ಎಳೆ ಗರಿ ಸುರುಳಿ ಸುತ್ತಿರುತ್ತದೆ, ತೆನೆಗೆ ಮೀಸೆಯೂ ಇರುತ್ತದೆ. ಕಾಕ್ಸ್‌ಫುಟ್ಟಿನದೂ ಮಡಚಿದ ಸುಳಿಯೇ, ನಾನು ಮೋಸ ಹೋಗಿದ್ದು ಅಲ್ಲೇ. ಅದರ ಬುಡ ಇನ್ನೂ ಚಪ್ಪಟೆ, ಬಣ್ಣದಲ್ಲಿ ಸ್ವಲ್ಪ ನೀಲಿ, ಮಿರುಗು ಇಲ್ಲ.

ಬಿತ್ತನೆ ಮಾರ್ಚ್, ಏಪ್ರಿಲ್‌ನಲ್ಲಿ, ಇಲ್ಲಿ ಆಗ ಬೇಸಿಗೆ ಮುಗಿದಿರುತ್ತದೆ. ಹೆಕ್ಟೇರಿಗೆ ಸುಮಾರು 20 ಕಿಲೊ ಬೀಜ, ಆಳ 1 ಸೆಂಟಿಮೀಟರ್ ಸಾಕು. ಮೊದಲ ಸಲ ಹಸು ಬಿಡುವ ಮುಂಚೆ ಗರಿ ಹಿಡಿದು ಜಗ್ಗಿ ನೋಡಬೇಕು. ಬೇರು ಸಮೇತ ಕಿತ್ತು ಬಂದರೆ ಇನ್ನೂ ಕಾಯಬೇಕು.

ನನಗೆ ತುಂಬಾ ಹಿಡಿಸಿದ್ದು ಗರಿ ಎಣಿಸುವ ಲೆಕ್ಕ. ಒಂದು ತೆಂಡೆ ಒಮ್ಮೆಗೆ ಮೂರೇ ಗರಿ ಸಾಕುತ್ತದೆ, ನಾಲ್ಕನೆಯದು ಬಂತು ಅಂದರೆ ಮೊದಲನೆಯದು ಒಣಗಿ ದಂಡ. ಹಾಗಾಗಿ ಎರಡು ಗರಿ ಆದ ಮೇಲೆ, ಮೂರನೆಯದು ಪೂರ್ತಿ ಬಿಚ್ಚುವಷ್ಟರಲ್ಲಿ ಮೇಯಿಸಬೇಕು. ಅವಸರ ಮಾಡಿದರೆ ಹುಲ್ಲು ಸೊರಗುತ್ತದೆ. ನೆಲಕ್ಕೆ ಹತ್ತಿ ಮೇಯಿಸುವ ಹಾಗೂ ಇಲ್ಲ, 4-5 ಸೆಂಟಿಮೀಟರ್ ಬಿಡಲೇಬೇಕು, ಮತ್ತೆ ಚಿಗುರುವ ಶಕ್ತಿ ಎಲ್ಲಾ ಆ ಬುಡದಲ್ಲೇ ಇರುವುದು.

ಇದರೊಳಗೆ ಒಂದು ಶಿಲೀಂಧ್ರವೂ ವಾಸ ಮಾಡುತ್ತದೆ ಅಪ್ಪಾ, ಹೊರಗೆ ಕಾಣಲ್ಲ. ಹುಳದಿಂದ ಹುಲ್ಲನ್ನು ಕಾಯುತ್ತದೆ, ಆದರೆ ಅದರ ವಿಷದಿಂದ ದನ, ಕುರಿ ನಡುಗಿ ತೂರಾಡುತ್ತವೆ. ಈ ನಂಟನ್ನು ಇಲ್ಲಿನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದು 1981ರಲ್ಲಿ. ಈಗ ಹುಳ ತಡೆದು, ದನಕ್ಕೆ ಅಷ್ಟು ತೊಂದರೆ ಕೊಡದ ಶಿಲೀಂಧ್ರ ಇರುವ ಬೀಜ ಸಿಗುತ್ತದೆ.

ಬೀಜದ ವಿಷಯಕ್ಕೆ ಬಂದರೆ, ಬೇಡ ಅಪ್ಪಾ. ಇದು ತಂಪಿನ ಹುಲ್ಲು. ಬಿಸಿಲು 25 ಡಿಗ್ರಿ ದಾಟಿದರೆ ಬೆಳವಣಿಗೆ ಕುಂಟುತ್ತದೆ, ನೀರೂ ಇಲ್ಲ ಅಂದರೆ ಮುಗಿದೇ ಹೋಯಿತು. ಸುಮ್ನೆ ದುಡ್ಡು ದಂಡ.

ಬುಡದ ಫೋಟೊ ಹತ್ತಿರದಿಂದ ತೆಗೆದು ಕಳಿಸುತ್ತೇನೆ, ಕೆಂಪು ಕಾಣುತ್ತಾ ನೋಡಿ ಹೇಳಿ. ಅಮ್ಮನಿಗೂ ತೋರಿಸಿ.

ನಿಮ್ಮ ಮಗ