ಒಂದೂಕಾಲು ಬೋಲ್ಟು

ನವನಗರ, ಬಾಗಲಕೋಟೆ
ಗುರುವಾರ, ರಾತ್ರಿ

ಮಗಳೇ,

ನಿನ್ನೆ ರಾತ್ರಿ ಒಂದೂವರೆಗೆ ನಿನ್ನ ಫೋನ್ ಬಂದಾಗ ನಿಮ್ಮ ಅವ್ವ ಗಾಬರಿಯಾಗಿ ಎದ್ದು ಕುಳಿತಳು. ಆ ಹೊತ್ತಿನಲ್ಲಿ ನಮ್ಮ ಮನೆಗೆ ಬಂದ ಫೋನ್‌ಗಳೆಲ್ಲ ಇದುವರೆಗೆ ಸಾವಿನ ಸುದ್ದಿಯವೇ. "ಏನೂ ಆಗಿಲ್ಲ ಅಪ್ಪ, ಸುಮ್ಮನೆ ಮಾಡಿದೆ" ಎಂದೆ. ಸುಮ್ಮನೆ ಮಾಡಿದ್ದಲ್ಲ ಎಂಬುದು ನಿನ್ನ ದನಿಯಲ್ಲೇ ಗೊತ್ತಾಯಿತು. ಹತ್ತು ನಿಮಿಷ ಅದೂ ಇದೂ ಮಾತಾಡಿದ ಮೇಲೆ ವಿಷಯ ಹೊರಬಂತು. ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ನೀವು ಸಾಗಿಸುತ್ತಿರುವ ಗೋದಾಮಿನ ಅಂಕಿಗಳು ಇನ್ನೂ ಸರಿಯಾಗಿಲ್ಲ. ಅದನ್ನು ಸೋಮವಾರದ ಸಭೆಯಲ್ಲಿ ಎತ್ತಬೇಡ, ಮೊದಲು ಗೋ-ಲೈವ್, ಅಂದರೆ ಹೊಸದು ಚಾಲೂ ಆಗುವುದು, ಮುಗಿಯಲಿ, ಆಮೇಲೆ ಸದ್ದಿಲ್ಲದೆ ಸರಿಪಡಿಸೋಣ ಎಂದು ನಿನ್ನ ಮೇಲಿನವರು ಹೇಳಿದ್ದಾರೆ. "ನಾನು ಬರೀ ಡೇಟಾ ಸಾಗಿಸುವವಳು ಅಪ್ಪ, ನನ್ನ ಮಾತು ಯಾರು ಕೇಳುತ್ತಾರೆ?" ಎಂದೆ.

ಫೋನಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಇವತ್ತು ದಿನವಿಡೀ ಅದೇ ಮಾತು ತಲೆಯಲ್ಲಿತ್ತು. ನಲವತ್ತು ವರ್ಷ ದಫ್ತರ ಬರೆದ ಕೈ ಇದು; ಬರೆದರೆ ಸರಿಯಾಗಿ ಹೇಳಬಲ್ಲೆ ಅನ್ನಿಸಿ ಕುಳಿತಿದ್ದೇನೆ. ಹಾಳೆಗಳ ಫೋಟೊ ತೆಗೆದು ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇನೆ. ಸಾವಕಾಶ ಓದು.

ಹೋಳಿ ಹಬ್ಬಕ್ಕೆ ಬಂದಿದ್ದಾಗಿನ ಆ ಮಧ್ಯಾಹ್ನ ನಿನಗೆ ನೆನಪಿರಬೇಕು. ಊರೆಲ್ಲ ಹಲಗೆಯ ಸದ್ದು, ಹಳೇ ಊರಿನ ಪೇಟೆಗಳಲ್ಲಿ ಬಣ್ಣದ ಬಂಡಿಗಳು. ನೀನು ಮಾಳಿಗೆಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದೆ. ಚಹಾ ತಂದುಕೊಟ್ಟ ನನ್ನನ್ನು ಕೈಹಿಡಿದು ಕೂರಿಸಿದೆ. ಮೇಜಿನ ಮೇಲಿದ್ದ ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ 1.250 ಎಂದು ಬರೆದು, "ಅಪ್ಪ, ಇದೆಷ್ಟು?" ಎಂದು ಕೇಳಿದೆ. ಒಂದೂಕಾಲು ಎಂದೆ. "ಜರ್ಮನಿಯವರಿಗೆ ಇದು ಸಾವಿರದ ಇನ್ನೂರ ಐವತ್ತು" ಎಂದೆ ನೀನು. ನಾವು ಅಲ್ಪವಿರಾಮ ಹಾಕುವಲ್ಲಿ ಅವರು ಚುಕ್ಕೆ ಇಡುತ್ತಾರೆ, ನಾವು ಚುಕ್ಕೆ ಇಡುವಲ್ಲಿ ಅವರು ಅಲ್ಪವಿರಾಮ ಹಾಕುತ್ತಾರೆ. ಹಳೆಯ ಕಂಪ್ಯೂಟರ್ ತನ್ನ ಪದ್ಧತಿಯಂತೆ ಬರೆದುಕೊಟ್ಟಿದ್ದನ್ನು ಹೊಸದು ಇಂಗ್ಲಿಷ್ ಪದ್ಧತಿಯಲ್ಲಿ ಓದಿಕೊಂಡು, ಗೋದಾಮಿನಲ್ಲಿದ್ದ ಸಾವಿರದ ಇನ್ನೂರ ಐವತ್ತು ಬೋಲ್ಟುಗಳನ್ನು ಒಂದೂಕಾಲು ಬೋಲ್ಟು ಮಾಡಿ ಕೂರಿಸಿತ್ತು. ಒಂದೂಕಾಲು ಬೋಲ್ಟು ಯಾವ ಗೋದಾಮಿನಲ್ಲಿ ಇರುತ್ತದೆ ಎಂದು ಇಬ್ಬರೂ ನಕ್ಕೆವು.

ನಗು ಮೊದಲು ನಿಲ್ಲಿಸಿದವಳು ನೀನು. "ಒಂದೂಕಾಲು ಕಣ್ಣಿಗೆ ಬೀಳುತ್ತದೆ ಅಪ್ಪ. 2.000 ಇದ್ದದ್ದು 2 ಆಗಿ ಕುಳಿತರೆ ಯಾರ ಕಣ್ಣಿಗೆ ಬೀಳುತ್ತದೆ?"

ಆ ಮಾತು ಕೇಳಿ ನಾನು ಚಹಾ ಲೋಟ ಎತ್ತಿಕೊಂಡು ಕೆಳಗೆ ಇಳಿದುಹೋದೆ. ಯಾಕೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

2000ನೇ ಇಸವಿ. ನೀನು ಇನ್ನೂ ಅಂಬೆಗಾಲಿಡುತ್ತಿದ್ದೆ. ನಾನು ತಲಾಟಿ, ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ. 'ಭೂಮಿ' ಯೋಜನೆ ಬಂದಿತ್ತು. ಕೈಬರಹದ ಉತಾರಗಳೆಲ್ಲ, ಅಂದರೆ ಹೊಲದ ಪಹಣಿಗಳೆಲ್ಲ, ಕಂಪ್ಯೂಟರಿಗೆ ಹೋಗಬೇಕು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು! ನಿನ್ನ ಭಾಷೆಯಲ್ಲಿ ಹೇಳಿದರೆ ಅದೂ ಮೈಗ್ರೇಷನ್ನೇ, ಹಳೆಯದರಿಂದ ಹೊಸದಕ್ಕೆ ದಾಖಲೆ ಸಾಗಿಸುವುದು. ನಾವು ಉತಾರ ನೋಡಿ ನಮೂನೆಯ ಹಾಳೆ ತುಂಬಿ ಕೊಡುತ್ತಿದ್ದೆವು. ತಾಲ್ಲೂಕಿನಲ್ಲಿ ಹುಡುಗರು ಅದನ್ನು ಬೆರಳಚ್ಚು ಮಾಡುತ್ತಿದ್ದರು. ಅದರ ಅಚ್ಚುಪ್ರತಿ ನಮ್ಮ ಕೈಗೆ ಮರಳಿ ಬರುತ್ತಿತ್ತು. ಉತಾರದೊಂದಿಗೆ ತಾಳೆ ನೋಡಿ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ, ಸಹಿ ಹಾಕಿ ಕೊಡಬೇಕು. ಎರಡೂ ಅಂಚಿನಲ್ಲಿ ತೂತುಗಳಿರುವ ಉದ್ದನೆಯ ಕಾಗದ. ರಾತ್ರಿ ಮನೆಯಲ್ಲಿ ಹಾಸಿಕೊಂಡು ಕೂರುತ್ತಿದ್ದೆ. ನೀನು ಅದರ ಮೇಲೆ ಹರಿದಾಡುತ್ತಿದ್ದೆ. ಅಂಚು ಕಿತ್ತು ಬಾಯಿಗಿಟ್ಟುಕೊಂಡದ್ದೂ ಉಂಟು.

ನಮ್ಮ ಕಡೆ ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2-20 ಎಂದು ಬರೆಯುತ್ತೇವೆ. ಎಕರೆಗೆ 40 ಗುಂಟೆ, ಅಂದರೆ ಅದು ಎರಡೂವರೆ ಎಕರೆ. ಬೆರಳಚ್ಚಿನಲ್ಲಿ 2-45 ಎಂದು ಬಂದಿದ್ದರೆ ನಿದ್ದೆಗಣ್ಣಿನಲ್ಲೂ ಹಿಡಿಯುತ್ತಿದ್ದೆ. ನಲವತ್ತೈದು ಗುಂಟೆ ಎಂಬುದೇ ಇಲ್ಲ. ಅದು ನಿನ್ನ ಒಂದೂಕಾಲು ಬೋಲ್ಟು. ಆದರೆ ಒಬ್ಬ ರೈತರ 2-20 ಎಂಬುದು 2-02 ಆಗಿ ಬಂದಿತ್ತು. ಎರಡು ಎಕರೆ ಎರಡು ಗುಂಟೆ. ಸಾಲಿನಲ್ಲಿ ಎಲ್ಲರ ಹಾಗೆ ಸಭ್ಯವಾಗಿ ಕುಳಿತಿತ್ತು. ಅವತ್ತು ಹಾಳೆ ಬಹಳ ಇದ್ದವು, ಮರುದಿನ ಒಪ್ಪಿಸಲೇಬೇಕಿತ್ತು. ಆ ಪುಟವನ್ನು ನಾನು ತಾಳೆ ನೋಡಲಿಲ್ಲ. ಹಿಂದಿನ ಹತ್ತು ಪುಟಗಳಲ್ಲಿ ತಪ್ಪೇ ಇರಲಿಲ್ಲ, ಇದರಲ್ಲೂ ಇರಲಾರದು ಎಂದುಕೊಂಡು ಸಹಿ ಹಾಕಿದೆ.

ಆಮೇಲೆ ಏನಾಯಿತು ಎಂದರೆ, ಕಂಪ್ಯೂಟರ್ ಪಹಣಿ ಬಂದ ಮೇಲೆ ಕೈಬರಹದ್ದು ನಡೆಯಲಿಲ್ಲ. ತಾಲ್ಲೂಕಿಗೆ ಹೋಗಿ 15 ರೂಪಾಯಿ ಕೊಟ್ಟು ಪಡೆದದ್ದೇ ಪಹಣಿ. ನೀನು ರೋಲ್‌ಬ್ಯಾಕ್ ಎನ್ನುತ್ತೀಯಲ್ಲ, ಹಿಂದಿನ ಸ್ಥಿತಿಗೆ ಮರಳುವ ದಾರಿ, ಅದು ಆ ಮನುಷ್ಯನಿಗೆ ಇರಲಿಲ್ಲ. ಓದು ಬಾರದವರು, ತಮ್ಮ ಹೊಲ ಹದಿನೆಂಟು ಗುಂಟೆ ಕಡಿಮೆಯಾದದ್ದು ಬೆಳೆಸಾಲಕ್ಕೆ ಹೋದಾಗಲೇ ಅವರಿಗೆ ತಿಳಿದದ್ದು. ಸಾಲ ಕೊಡುವವರು ಕಾಗದದಲ್ಲಿದ್ದಷ್ಟಕ್ಕೇ ಕೊಟ್ಟರು. ಅರ್ಜಿ, ತಹಸೀಲ್ದಾರ್, ವಿಚಾರಣೆ, ತಿದ್ದುಪಡಿ ಎಂದು ನಾಲ್ಕು ತಿಂಗಳು ಹೋಯಿತು. ಹಿಂಗಾರಿ ಜೋಳದ ಬಿತ್ತನೆ ಅಷ್ಟರಲ್ಲಿ ಬಂದುಹೋಗಿತ್ತು. ಹೆಂಡತಿಯ ಬೋರಮಾಳ ಒತ್ತೆ ಇಟ್ಟು ಬಿತ್ತಿದರಂತೆ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ತಿದ್ದಿದ ಪಹಣಿ ಕೊಟ್ಟ ದಿನ ಚಾವಡಿಯ ಕಟ್ಟೆಯ ಮೇಲೆ ಕುಳಿತು, "ಓದಿ ಹೇಳಿ" ಎಂದರು. ಎರಡು ಎಕರೆ ಇಪ್ಪತ್ತು ಗುಂಟೆ ಎಂದೆ. "ಇನ್ನೊಮ್ಮೆ" ಎಂದರು. ಮೂರು ಸಲ ಓದಿಸಿದರು. ಆ ಮೂರನೆಯ ಸಲ ನನ್ನ ದನಿ ಸರಿಯಾಗಿ ಹೊರಡಲಿಲ್ಲ.

'ಭೂಮಿ' ಕೆಟ್ಟದ್ದು ಎಂದು ಹೇಳುತ್ತಿಲ್ಲ. ಯಾರ ಹೊಲ ಯಾರ ಹೆಸರಿಗೆ ಎಂಬುದು ನಮ್ಮಂಥವರ ಗಂಟಿನಲ್ಲಿ ಕಟ್ಟಿಟ್ಟ ಗುಟ್ಟಾಗಿದ್ದ ಕಾಲವನ್ನು ಅದು ಮುಗಿಸಿತು. ಅದನ್ನು ತಲಾಟಿಯಾಗಿಯೇ ಒಪ್ಪುತ್ತೇನೆ. ತಪ್ಪಿದ್ದು ಯಂತ್ರವಲ್ಲ, ಬೆರಳಚ್ಚಿನ ಹುಡುಗನೂ ಅಲ್ಲ. ತಾಳೆ ನೋಡಲೆಂದೇ ಇದ್ದವನು ನಾನೊಬ್ಬ, ನೋಡಲಿಲ್ಲ.

ಈಗ ನಿನ್ನ ಸೋಮವಾರಕ್ಕೆ ಬರುತ್ತೇನೆ. ನೀನು ಸಭೆಯಲ್ಲಿ ಹೇಳಲೇಬೇಕು. ಮೇಲಿನವರ ಜೊತೆ ಜಗಳಕ್ಕೆ ಹೋಗು ಎನ್ನುತ್ತಿಲ್ಲ. ನಾಳೆಯೇ ಅವರಿಗೆ ಮೇಲ್ ಬರೆ, ಮಾತಿನಲ್ಲಿ ಬಿಡಬೇಡ. ಎಷ್ಟು ಸಾಲುಗಳು ಅನುಮಾನದವು, ಅವುಗಳಲ್ಲಿ ಎಷ್ಟನ್ನು ನೋಡಿ ಮುಗಿಸಿದ್ದೀಯ, ಉಳಿದದ್ದಕ್ಕೆ ಎಷ್ಟು ದಿನ ಬೇಕು, ಈಗ ತಿದ್ದದಿದ್ದರೆ ಯಾವ ಕೆಲಸ ನಿಲ್ಲುತ್ತದೆ: ಇಷ್ಟು ಇರಲಿ. "ಸಮಸ್ಯೆ ಇದೆ" ಎಂದಷ್ಟೇ ಹೇಳಿದರೆ ಯಾರೂ ಕೇಳುವುದಿಲ್ಲ. ಅಂಕಿ ಮುಂದಿಟ್ಟರೆ ಎಂಥವರೂ ಒಂದು ಕ್ಷಣ ನಿಲ್ಲುತ್ತಾರೆ. ಸಭೆಯಲ್ಲಿ ಸುಮ್ಮನಿದ್ದರೆ ಒಪ್ಪಿದಂತೆ ಎಂದೇ ಆ ಕಡೆಯವರು ಬರೆದುಕೊಳ್ಳುತ್ತಾರೆ ಎಂದು ನೀನೇ ಒಮ್ಮೆ ಹೇಳಿದ್ದೆ. ನಮ್ಮಲ್ಲಿ ಹಿರಿಯರ ಮುಂದೆ ಸುಮ್ಮನಿರುವುದು ಮರ್ಯಾದೆ. ಆ ಮರ್ಯಾದೆಯನ್ನು ನಿನಗೆ ಕಲಿಸಿದವರು ನಾವೇ, ಗೊತ್ತಿದೆ. ಅದು ಮನೆಯಲ್ಲಿರಲಿ.

ಇನ್ನೊಂದು ಕೆಲಸ ಮಾಡು. ಆ ಗೋದಾಮಿನಲ್ಲಿ ದಿನವೂ ಬೋಲ್ಟು ಎಣಿಸುವವರು ಯಾರೋ ಒಬ್ಬರು ಇರುತ್ತಾರೆ. ಅವರ ಜೊತೆ ಅರ್ಧ ಗಂಟೆ ಮಾತಿಗೆ ಅವಕಾಶ ಕೇಳು. ಯಾವುದು ಎರಡು, ಯಾವುದು ಎರಡು ಸಾವಿರ ಎಂಬುದು ಅವರಿಗೆ ಪಟ್ಟಿ ನೋಡಿದ ಕೂಡಲೇ ತಿಳಿಯುತ್ತದೆ. ಆ ರೈತರಿಗೆ ನಾನು ಒಮ್ಮೆ ಓದಿ ಹೇಳಿದ್ದರೆ ಸಾಕಾಗಿತ್ತು. ಸಹಿ ಹಾಕುವ ಮೊದಲು.

ನೀನು ಮ್ಯಾಪಿಂಗ್ ಎಂದು ಹೇಳಿದಾಗ ನನಗೆ ಬೇಗ ಅರ್ಥವಾದದ್ದು ನಿನ್ನ ಅಜ್ಜಿಯಿಂದ. ಆಲಮಟ್ಟಿಯ ಹಿನ್ನೀರು ಬರುತ್ತದೆ ಎಂದು ಹಳೇ ಬಾಗಲಕೋಟೆಯ ನಮ್ಮ ಮನೆ ಬಿಟ್ಟು ಇಲ್ಲಿಗೆ ಬಂದೆವಲ್ಲ, ಅಲ್ಲಿ ವಿಳಾಸ ಎಂದರೆ ಪೇಟೆಯ ಹೆಸರು, ಮನೆತನದ ಹೆಸರು. ಇಲ್ಲಿ ಸೆಕ್ಟರ್, ನಂಬರ್. ಪಕ್ಕದ ಮನೆಯ ಗೆಳತಿ ಯಾವ ಸೆಕ್ಟರಿಗೆ ಹೋದಳು ಎಂದು ಅಜ್ಜಿ ಒಂದು ವರ್ಷ ಹುಡುಕಿದಳು. ಹಳೇ ಮನೆಯ ಎದುರಿಗೆ ಹೊಸ ನಂಬರ್ ಬರೆದ ಒಂದು ಪಟ್ಟಿ ಅವಳ ಕೈಯಲ್ಲಿದ್ದರೆ ಒಂದು ದಿನದ ಕೆಲಸ. ಕೊನೆಗೆ ಸಂತೆಯಲ್ಲಿ ಸಿಕ್ಕರು. ಇಬ್ಬರೂ ಬದನೆಕಾಯಿಯ ಗುಡ್ಡೆಯ ಮುಂದೆ ನಿಂತು ಅತ್ತರಂತೆ. ನೀನು ದಿನವೂ ಕೂತು ಮಾಡುವ ಆ ಪಟ್ಟಿ ಸಣ್ಣ ಕೆಲಸವಲ್ಲ, ಮಗಳೇ.

ನಿನ್ನ ರಾತ್ರಿಗಳ ಬಗ್ಗೆ ಅವ್ವ ಬರೆಯಲು ಹೇಳಿದ್ದಾಳೆ, ನನಗೂ ಹೇಳುವುದಿದೆ. ಮಾಳಿಗೆಯ ಗೋಡೆಗೆ ನೀನು ಅಂಟಿಸಿದ ಕಾಗದ ಇನ್ನೂ ಹಾಗೇ ಇದೆ: ಬೆಂಗಳೂರು, ಜರ್ಮನಿ, ಶಿಕಾಗೊ. ಅಮೆರಿಕದವರು ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಮಾಡುತ್ತಾರೆ, ಯುರೋಪಿನವರು ಕೊನೆಯ ಭಾನುವಾರ. ನಡುವಿನ ಆ ವಾರಗಳಲ್ಲಿ ನಿನ್ನ ಸಭೆಗಳೆಲ್ಲ ಒಂದರ ಮೇಲೊಂದು ಬಿದ್ದು, ಊಟದ ತಟ್ಟೆ ಬಿಟ್ಟು ನೀನು ಓಡಿದ್ದನ್ನು ನಾನು ನೋಡಿದ್ದೇನೆ. ನಮ್ಮ ದೇಶದ ಗಡಿಯಾರ ವರ್ಷವಿಡೀ ಸರಿಯುವುದಿಲ್ಲ. ಹಾಗಾಗಿ ಪ್ರತಿ ಸಲ ಸರಿಯಬೇಕಾದವಳು ನೀನು. ಸೋಮವಾರದ ಸಭೆ ನಿನಗೆ ಸಂಜೆ ಐದೂವರೆ, ಜರ್ಮನಿಗೆ ಮಧ್ಯಾಹ್ನ ಎರಡು, ಶಿಕಾಗೊಗೆ ಬೆಳಿಗ್ಗೆ ಏಳು ಎಂದೆಯಲ್ಲ; ಮೂವರಿಗೂ ಹಗಲೇ ಆಗುವ ಹೊತ್ತು ಇದೆ ಎಂದಾಯಿತು. ಹಾಗಿದ್ದರೆ ರಾತ್ರಿ ಒಂದು ಗಂಟೆಯ ಆ ಪರೀಕ್ಷೆಯ ಸಭೆಯನ್ನು ವಾರಕ್ಕೆ ಎರಡು ದಿನವಾದರೂ ಈ ಹೊತ್ತಿಗೆ ತರಲು ಕೇಳು.

ಟೈಮ್‌ಶೀಟಿನಲ್ಲಿ ಹನ್ನೆರಡು ಗಂಟೆ ದುಡಿದು ಎಂಟು ಎಂದು ಬರೆಯುತ್ತೀಯಂತೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದ ಸಂಗತಿ. ಅದೂ ದಾಖಲೆಯೇ. ಈ ಕೆಲಸಕ್ಕೆ ಎಂಟೇ ಗಂಟೆ ಸಾಕು ಎಂದು ಅದರಲ್ಲಿ ಓದಿಕೊಂಡವರು ಮುಂದಿನ ಪ್ರಾಜೆಕ್ಟಿಗೂ ಅಷ್ಟೇ ಗಂಟೆ ಹಾಕುತ್ತಾರೆ, ಆಗ ನಿನ್ನ ಜಾಗದಲ್ಲಿ ಇನ್ನೊಬ್ಬರ ಮಗಳು ಕೂತಿರುತ್ತಾಳೆ. ದುಡಿದಷ್ಟು ಬರೆ.

ಇಷ್ಟೆಲ್ಲ ಮಾಡಿದರೆ ಪ್ರಾಜೆಕ್ಟಿನಿಂದ ತೆಗೆದು ಕೆಲಸ ಕೊಡದೆ ಬೆಂಚಿಗೆ ಹಾಕುತ್ತಾರೆ ಎಂಬ ಭಯ ನಿನಗಿದೆ. ಆ ಭಯ ಸುಳ್ಳು ಎಂದು ಹೇಳಲಾರೆ. ನಿನ್ನ ಗೆಳತಿಗೆ ಏನಾಯಿತು ಎಂದು ಕೇಳಿದ್ದೇನೆ. ಆದರೆ ನಮ್ಮ ಮುಖ ನೋಡಿ ಬಾಯಿ ಕಟ್ಟಿಕೊಳ್ಳಬೇಡ. 2006ಕ್ಕೂ ಮೊದಲು ನೌಕರಿಗೆ ಸೇರಿದ ನನಗೆ ಪಿಂಚಣಿ ಇದೆ. ನೀನು ಓದಿದ್ದು ನಮ್ಮ ವಿದ್ಯಾಗಿರಿಯ ಕಾಲೇಜಿನಲ್ಲಿ, ಆ ಸಾಲವೂ ಹೋದ ವರ್ಷ ತೀರಿತು. ತಮ್ಮನ ಶುಲ್ಕ ನನ್ನ ಹೊಣೆ. ಕೆಲಸವಿಲ್ಲದೆ ಆರು ತಿಂಗಳು ನೀನು ಮನೆಗೆ ಬಂದು ಕೂತರೂ ಈ ಮನೆಯಲ್ಲಿ ಯಾರ ರೊಟ್ಟಿಯೂ ಕಡಿಮೆಯಾಗುವುದಿಲ್ಲ. ವಿದೇಶದ ಆನ್‌ಸೈಟ್ ಕೆಲಸ ಯಾವಾಗ, ಡಾಲರ್ ಯಾವಾಗ ಎಂದು ಕೇಳುವ ನೆಂಟರಿಗೆ ಉತ್ತರ ನಾನು ಕೊಡುತ್ತೇನೆ.

ಅವ್ವ ಶೇಂಗಾ ಹೋಳಿಗೆ ಮಾಡಿದ್ದಾಳೆ, ಅಮೀನಗಡದ ಕರದಂಟು ತಂದಿದ್ದೇನೆ. ನಾಳೆ ರಾತ್ರಿಯ ಬಸ್ಸಿಗೆ ನಮ್ಮ ಓಣಿಯ ಹುಡುಗ ಬೆಂಗಳೂರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಶನಿವಾರ ಬೆಳಿಗ್ಗೆ ಫೋನ್ ಎತ್ತು, ಮಲಗಿಬಿಡಬೇಡ.

ಕಂಪನಿಯ ಹೆಸರು, ಅವರ ಅಂಕಿಸಂಖ್ಯೆ ಯಾವುದನ್ನೂ ಹೊರಗೆ ಹೇಳುವಂತಿಲ್ಲ ಎಂದಿದ್ದೀಯ. ನಾನು ಕೇಳುವುದೂ ಇಲ್ಲ. ಆದರೆ ಸೋಮವಾರ ಸಭೆಯಲ್ಲಿ ಏನು ಹೇಳಬೇಕೆಂದಿದ್ದೀಯೋ ಆ ನಾಲ್ಕು ವಾಕ್ಯಗಳನ್ನು ಭಾನುವಾರ ನನಗೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ಓದಿ ಹೇಳು, ಅಂಕಿಗಳ ಜಾಗದಲ್ಲಿ ಸುಳ್ಳು ಅಂಕಿ ಇಟ್ಟು. ನನಗೆ ಅರ್ಧ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಎಲ್ಲಿ ನಿನ್ನ ದನಿ ತಗ್ಗುತ್ತದೆ ಎಂದು ನನಗೆ ಗೊತ್ತಾಗುತ್ತದೆ. ಅಲ್ಲಿ ಇನ್ನೊಮ್ಮೆ ಓದಿಸುತ್ತೇನೆ.

ನಿನ್ನ ಅಪ್ಪ