ತಿರುವಿನಲ್ಲಿ ತಡೆದು ನಿಂತ ಲಾರಿ ಅಣ್ಣನಿಗೆ

ಸಿಗ್ನಲ್ ದಟ್ಟಣೆಯಲ್ಲಿ ನನ್ನ ಸ್ಕೂಟರ್ ನಿಮ್ಮ ಲಾರಿಯ ಪಕ್ಕ, ತಿರುವಿನ ಒಳಬದಿಯಲ್ಲೇ ಸಿಕ್ಕಿಕೊಂಡಿತ್ತು. ಒಂದು ಕಡೆ ಫುಟ್‌ಪಾತ್ ಕಟ್ಟೆ, ಇನ್ನೊಂದು ಕಡೆ ನಿಮ್ಮ ಚಕ್ರ. ಹಿಂದೆ ಸರಿಯಲು ಜಾಗವಿರಲಿಲ್ಲ.

ಲಾರಿ ತಿರುಗುವಾಗ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲೇ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಎರಡು ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ ಹೆಚ್ಚು ಒಳಕ್ಕೆ. ಶುರುವಿನಲ್ಲಿ ಅಗಲವಾಗಿ ಕಾಣುವ ಸಂದು ಅರ್ಧ ತಿರುವಿನಲ್ಲಿ ಮುಚ್ಚಿಹೋಗುತ್ತದೆ. ಅಪಾಯವೆಲ್ಲ ಅಲ್ಲೇ ಇರುವುದು.

ಹಸಿರು ಬಂತು. ನೀವು ಹೊರಡಲಿಲ್ಲ. ಪಕ್ಕದ ಕನ್ನಡಿಯಲ್ಲಿ ನಿಮ್ಮ ಮುಖ ಕಂಡಿತು; ಆಗಲೇ ಸಮಾಧಾನವಾಯಿತು, ಏಕೆಂದರೆ ಕನ್ನಡಿಯಲ್ಲಿ ಚಾಲಕರ ಮುಖ ನಮಗೆ ಕಾಣದಿದ್ದರೆ ನಾವೂ ಅವರಿಗೆ ಕಾಣುವುದಿಲ್ಲ. ಕೈಸನ್ನೆ ಮಾಡಿ ಮುಂದೆ ಹೋಗು ಎಂದಿರಿ. ಬಂಪರ್ ದಾಟಿದ ಮೇಲೂ ಇನ್ನೂ ಮುಂದೆ, ಇನ್ನೂ ಮುಂದೆ ಎಂದು ಕೈ ಬೀಸುತ್ತಲೇ ಇದ್ದಿರಿ. ಎತ್ತರದ ಕ್ಯಾಬಿನ್‌ನಿಂದ ಮೂತಿಯ ಕೆಳಗಿನ ರಸ್ತೆ ಕಾಣದು, ಅಲ್ಲಿ ನಿಂತರೂ ಅಪಾಯವೇ. ನಾನು ಪೂರ್ತಿ ಕಂಡ ಮೇಲೆಯೇ ನೀವು ಕ್ಲಚ್ ಬಿಟ್ಟಿದ್ದು.

ಹಿಂದಿನವರು ಹಾರನ್ ಒತ್ತಿ ಹಿಡಿದರೂ ನೀವು ಕದಲಲಿಲ್ಲ. ತುಂಬಾ ಧನ್ಯವಾದ ಅಣ್ಣಾ.